ಓದುಗರಿಲ್ಲದ ಪ್ರವಾಸ ಪತ್ರಿಕೆಯ ಸಂಪಾದಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ಸಂಪಾದಕರು, ವರದಿಗಾರರು, ಛಾಯಾಗ್ರಾಹಕರು, ವಿನ್ಯಾಸಕಾರರು, ಪ್ರಕಾಶಕರು ಎಲ್ಲವೂ ನೀವೊಬ್ಬರೇ ಎಂದು ಕೊನೆಯ ಪುಟದಲ್ಲಿ ಅಚ್ಚಾಗಿದೆ. ಹಾಗಾಗಿ ಐದು ಜನರಿಗೆ ಹೇಳಬೇಕಾದ್ದನ್ನು ಒಂದೇ ಪತ್ರದಲ್ಲಿ ಮುಗಿಸುತ್ತಿದ್ದೇನೆ. ಇದನ್ನು ನಿಮ್ಮ ಕಚೇರಿಗೇ ಕಳಿಸಬೇಕಿತ್ತು. ಆದರೆ ನಿಮ್ಮ ಪತ್ರಿಕೆಯಲ್ಲಿ ಕಚೇರಿಯ ಸುಳಿವಿಲ್ಲ, ಓದುಗರ ಓಲೆಗೆಂದು ಒಂದು ಪುಟವೂ ಇಲ್ಲ. ನಾಲ್ಕು ಜನ ಓದುವ ಕಡೆ ಬರೆದರೆ ಯಾರಾದರೂ ನಿಮಗೆ ಮುಟ್ಟಿಸಿಯಾರು ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಿ ತಲೆ ನರೆಸಿಕೊಂಡವನು. ಈಚೆಗೆ ಬೆಂಗಳೂರಿನ ವಿನ್ಯಾಸ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರದರ್ಶನ ನಡೆದಾಗ ನಿಮ್ಮ ‘ಸ್ವತಂತ್ರ ಪ್ರವಾಸ ಪತ್ರಿಕೆ’ಯನ್ನು ನೋಡುವ ಭಾಗ್ಯ ಸಿಕ್ಕಿತು. ಬಿಳಿ ಮೇಜಿನ ಮೇಲೆ ಬಿಳಿ ಪತ್ರಿಕೆ, ಪಕ್ಕದಲ್ಲಿ ಬಿಳಿ ಹತ್ತಿಯ ಕೈಗವಸು. ಅದನ್ನು ತೊಟ್ಟೇ ಪುಟ ತಿರುವಬೇಕೆಂದು ಸೂಚನೆ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಸಿಪ್ಪೆ ಉದುರಿಸಿಕೊಂಡು ಪತ್ರಿಕೆ ಓದುವ ಜನರನ್ನು ನಂಬಿ ಬದುಕಿದ ನನಗೆ, ಪತ್ರಿಕೆಗೂ ಮಡಿ ಇರುತ್ತದೆಂದು ತಿಳಿದದ್ದು ಅಂದೇ.

ನಿಮ್ಮ ಪತ್ರಿಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಒಂದೇ ಒಂದು ಇಂಗ್ಲಿಷ್ ಪದ, ಎಲ್ಲವೂ ಸಣ್ಣಕ್ಷರ, ಕೊನೆಯಲ್ಲೊಂದು ಪೂರ್ಣವಿರಾಮ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ, ಹೇಳಿದರೂ ನಿಮ್ಮ ಮುಖ್ಯ ಪರಿಕಲ್ಪನೆ ಕೈತಪ್ಪಿ ಹೋಗುತ್ತದೆ. ಸಂಚಿಕೆಯ ವಿಷಯ ಹಂಪಿ ಮತ್ತು ಆನೆಗೊಂದಿ ಎಂದಷ್ಟೇ ಹೇಳಿದರೆ ಸಾಕು.

ಮೊದಲು ಅಭಿನಂದನೆ. ಕನ್ನಡದ ಪ್ರವಾಸ ಪುಟಗಳಿಗೆ ಅಂಟಿದ ರೋಗ ನಿಮಗೆ ಅಂಟಿಲ್ಲ. ನಮ್ಮಲ್ಲಿ ಪ್ರತಿ ಜಲಪಾತವೂ ಹಾಲಿನ ನೊರೆ, ಪ್ರತಿ ಬೆಟ್ಟವೂ ಭೂಲೋಕದ ಸ್ವರ್ಗ. ಪ್ರತಿ ಲೇಖನವೂ ಪ್ರಕೃತಿಯ ಮಡಿಲಲ್ಲಿ ಹುಟ್ಟಿ, ‘ನೀವೂ ಒಮ್ಮೆ ಭೇಟಿ ಕೊಡಿ’ ಎಂದು ಪ್ರಾಣ ಬಿಡುತ್ತದೆ. ಪಕ್ಕದ ಪುಟದಲ್ಲಿ ರೆಸಾರ್ಟಿನ ಜಾಹೀರಾತು ಇರುತ್ತದೆ. ಲೇಖಕರು ಅದೇ ರೆಸಾರ್ಟಿನಲ್ಲಿ ಉಂಡು ಬಂದಿರುತ್ತಾರೆ. ನೀವು ಈ ಎಲ್ಲವನ್ನೂ ಕಿತ್ತು ಹಾಕಿದ್ದೀರಿ. ಗುಣವಾಚಕಗಳನ್ನು ತೆಗೆದಿರಿ, ಜಾಹೀರಾತನ್ನು ತೆಗೆದಿರಿ. ಆಮೇಲೆ ಕೈ ನಿಲ್ಲದೆ ಬೆಲೆ, ದಾರಿ, ಸಮಯ, ಜನ ಎಲ್ಲವನ್ನೂ ತೆಗೆದುಬಿಟ್ಟಿರಿ. ಶುದ್ಧೀಕರಣ ಎಲ್ಲಿ ನಿಲ್ಲಬೇಕೆಂದು ಯಾರಿಗೂ ಮೊದಲೇ ತಿಳಿಯುವುದಿಲ್ಲ ಬಿಡಿ.

ಚಿತ್ರಗಳಿಗೆ ಬರೋಣ. ಹಂಪಿಯ ಸುತ್ತ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂಬುದು ಆ ಕಡೆಯವರದೇ ತಮಾಷೆ. ಬಂಡೆಗೆ ಕೈ ಇಟ್ಟರೆ ಕೈ ಸುಡುತ್ತದೆ. ನಿಮ್ಮ ಪತ್ರಿಕೆಯಲ್ಲಿ ಆ ಬಂಡೆಗಳ ಮೇಲೆ ತೆಳು ನೀಲಿ ಮಂಜು ಕವಿದಿದೆ. ಬೂದು ಆಕಾಶ, ಬೂದು ಕಲ್ಲು, ಬೂದು ಮಂಟಪ. ಇದು ಎಲ್ಲಿಯ ಹವಾಮಾನ ಎಂದು ಹುಡುಕುತ್ತ ಹೋದೆ. ಪತ್ರಿಕೆ ಮಾಡಿದ ಬಗೆಯನ್ನು ದಾಖಲಿಸಿದ ನಿಮ್ಮ ಪ್ರೊಸೆಸ್ ಪುಸ್ತಕದಲ್ಲೇ ಉತ್ತರವಿತ್ತು. 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಹೊರಟ ‘ಕಿನ್‌ಫೋಕ್’, 2012ರಲ್ಲಿ ಇಂಗ್ಲೆಂಡಿನಿಂದ ಹೊರಟ ‘ಸೀರಿಯಲ್’, ಇವೆರಡರ ಪುಟಗಳನ್ನು ಕತ್ತರಿಸಿ ಮೂಡ್‌ಬೋರ್ಡಿಗೆ ಅಂಟಿಸಿದ್ದಿರಿ. ಆ ಪತ್ರಿಕೆಗಳು ಹಾಗಿರುವುದಕ್ಕೆ ಆ ಊರುಗಳ ಬೆಳಕೂ ಒಂದು ಕಾರಣ. ಅವರು ತಮ್ಮ ಕಿಟಕಿಯಾಚೆ ಕಂಡದ್ದನ್ನು ಅಚ್ಚು ಹಾಕಿದರು. ನೀವು ಅವರ ಕಿಟಕಿಯನ್ನೇ ಹೊತ್ತು ತಂದು ಹಂಪಿಯ ಹೇಮಕೂಟ ಗುಡ್ಡದ ಮೇಲೆ ನಿಲ್ಲಿಸಿದಿರಿ.

ಹಂಪಿಯಲ್ಲಿ ಫೋಟೋ ತೆಗೆದವರಲ್ಲಿ ನಿಮಗೊಬ್ಬ ಹಿರಿಯನಿದ್ದಾನೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ, ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಈ ಸ್ಮಾರಕಗಳನ್ನು ಹಿಡಿದ. ಆ ಬಿಸಿಲಿನಲ್ಲಿ, ಆ ಕಾಲದ ಕ್ಯಾಮೆರಾ ಹೊತ್ತು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಯಾವ ಗೋಡೆ ಬಿತ್ತು, ಯಾವ ಮಂಟಪ ಉಳಿಯಿತು ಎಂಬುದು ಕಾಣುತ್ತದೆ. ಇಂಥ ಒಂದು ಜೋಡಿ ಪುಟ ನಿಮ್ಮ ಪತ್ರಿಕೆಯಲ್ಲಿದ್ದಿದ್ದರೆ ನಾನು ಕೈಗವಸು ಕಳಚಿ ಕೈ ಮುಗಿಯುತ್ತಿದ್ದೆ. ನಿಮ್ಮ ಚಿತ್ರಗಳಿಂದ ಇನ್ನು ನೂರು ವರ್ಷದ ಮೇಲೆ ತಿಳಿಯುವುದು ಒಂದೇ: ನಮ್ಮ ಕಾಲದಲ್ಲಿ ಯಾವ ಫಿಲ್ಟರ್ ಚಾಲ್ತಿಯಲ್ಲಿತ್ತು ಎಂಬುದು.

ಖಾಲಿ ಜಾಗದ ಬಗ್ಗೆ ನಿಮ್ಮ ಗುರುಗಳು ಮೆಚ್ಚಿ ಮಾತಾಡುವುದನ್ನು ಕೇಳಿಸಿಕೊಂಡೆ. ಪುಟ ಉಸಿರಾಡುತ್ತಿದೆ ಎಂದರು. 22ನೇ ಪುಟದಲ್ಲಿ ವಿರೂಪಾಕ್ಷ ಬಜಾರಿನ ಉದ್ದನೆಯ ಬೀದಿ ಇದೆ. ಎರಡೂ ಕಡೆ ಕಲ್ಲುಕಂಬದ ಸಾಲು, ನಡುವೆ ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ‘ಮೌನ’ ಎಂಬರ್ಥದ ಒಂದೇ ಪದ. ಸುಂದರವಾಗಿದೆ. ಆ ಮೌನ ಅಲ್ಲಿಗೆ ಬಂದದ್ದು ಹೇಗೆಂದು ಸಂಪಾದಕರಿಗೆ ಗೊತ್ತಿರಬೇಕಲ್ಲವೇ? ಆ ಕಂಬಗಳ ನಡುವೆ ಮನೆಗಳಿದ್ದವು, ಹೋಟೆಲುಗಳಿದ್ದವು, ಹೂವು–ಕಾಯಿ ಮಾರುವವರಿದ್ದರು. 2011ರ ಜುಲೈ 29ರಂದು ಆಡಳಿತ ಯಂತ್ರ ಬಂದು ಅವನ್ನೆಲ್ಲ ಕೆಡವಿತು. ಅಲ್ಲಿದ್ದ ಕುಟುಂಬಗಳಿಗೆ ಆಮೇಲೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿದರು. ಸ್ಮಾರಕ ಉಳಿಯಬೇಕೆಂದು ಹೀಗೆ ಮಾಡಿದ್ದು ಸರಿಯೋ, ತೇರಿನ ಬೀದಿಯಲ್ಲಿ ಜನ ಬದುಕುವುದೂ ಪರಂಪರೆಯ ಭಾಗವೋ ಎಂಬ ವಾದ ಇನ್ನೂ ಮುಗಿದಿಲ್ಲ. ಆ ವಾದಕ್ಕೆ ನಿಮ್ಮಲ್ಲಿ ಅರ್ಧ ಪುಟ ಸಿಗಲಿಲ್ಲ. ನಿಮ್ಮ ಪುಟದ ಖಾಲಿ ಜಾಗಕ್ಕೆ ಮೌಸ್ ಸಾಕಾಯಿತು, ಹಂಪಿಯ ಖಾಲಿ ಜಾಗಕ್ಕೆ ಜೆಸಿಬಿ ಬೇಕಾಯಿತು.

ಇನ್ನು ಬರಹ. ಸಂಚಿಕೆಯಲ್ಲಿ ಮೂರು ಪ್ರಬಂಧಗಳಿವೆ. ಮೊದಲನೆಯದರಲ್ಲಿ ನೀವು ನಿಮ್ಮನ್ನು ಹುಡುಕಿಕೊಂಡು ಹೋಗುತ್ತೀರಿ. ಎರಡನೆಯದರಲ್ಲಿ ನಿಮಗೆ ನೀವು ಸಿಗುತ್ತೀರಿ. ಮೂರನೆಯದರಲ್ಲಿ ಹಂಪಿಯನ್ನು ಬಿಟ್ಟು ಬರಲಾರದೆ ನಿಮ್ಮನ್ನು ನೀವು ಅಲ್ಲೇ ಬಿಟ್ಟು ಬರುತ್ತೀರಿ. ಈ ಹುಡುಕಾಟದ ನಡುವೆ ಹಂಪಿಯವರೊಬ್ಬರೂ ಬಾಯಿ ತೆರೆಯುವುದಿಲ್ಲ. ಹರಿಗೋಲು ಹಾಕುವವನ ಕೈ ಮಾತ್ರ ಕ್ಲೋಸಪ್ಪಿನಲ್ಲಿದೆ. ಅವನಿಗೆ ಮುಖ, ಹೆಸರು, ಮಾತು ಇರುವ ಸಾಧ್ಯತೆಯನ್ನು ವಿನ್ಯಾಸ ಒಪ್ಪಿಕೊಂಡಿಲ್ಲ.

ಜನರನ್ನು ಮಾತಾಡಿಸಿ ಬರೆದ ಪ್ರವಾಸಕಥನ ಕನ್ನಡದಲ್ಲೇ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಗೊರೂರಿನ ಹಳ್ಳಿಗಣ್ಣಿನಲ್ಲೇ ಅವರು ಅಮೆರಿಕವನ್ನು ನೋಡಿದರು, ಅಲ್ಲಿಯ ಜನರನ್ನು ಮಾತಾಡಿಸಿದರು. ಅದಕ್ಕೇ ಆ ಪುಸ್ತಕದಲ್ಲಿ ಅಮೆರಿಕವೂ ಇದೆ, ಗೊರೂರೂ ಇದೆ. ನೀವು ಹಂಪಿಯನ್ನು ಪೋರ್ಟ್‌ಲ್ಯಾಂಡಿನ ಕಣ್ಣಿನಲ್ಲಿ ನೋಡಿದಿರಿ. ನಿಮ್ಮ ಸಂಚಿಕೆಯಲ್ಲಿ ಎರಡೂ ಊರುಗಳಿಲ್ಲ.

ಮರೆತಿದ್ದೆ, 41ನೇ ಪುಟದಲ್ಲೊಂದು ನಾಲ್ಕನೆಯ ಪ್ರಬಂಧವಿದೆ. ಅದು ‘ಲೋರೆಮ್ ಇಪ್ಸಮ್’ ಎಂದು ಶುರುವಾಗುತ್ತದೆ. ಬರಹ ಸಿದ್ಧವಾಗುವ ತನಕ ಜಾಗ ತುಂಬಲು ವಿನ್ಯಾಸಕಾರರು ಸುರಿಯುವ ಲ್ಯಾಟಿನ್ ಪದಗಳು ಇವು. ಮೂಲದಲ್ಲಿ ಇದು ರೋಮಿನ ಸಿಸೆರೊ ಕ್ರಿ.ಪೂ. 45ರ ಸುಮಾರಿಗೆ ಸುಖ–ದುಃಖಗಳ ಬಗ್ಗೆ ಬರೆದ ತತ್ತ್ವಗ್ರಂಥದ ಚೂರುಪಾರು. ನಿಮ್ಮ ಸಂಚಿಕೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಪುಟ ಅದೇ. ಅಂಕ ಕೊಡಲು ಬಂದ ಜ್ಯೂರಿಯವರು ಯಾರೂ ಅದನ್ನು ಗಮನಿಸಲಿಲ್ಲ ಎಂಬುದು ಅವರ ಅಂಕಪಟ್ಟಿಯಿಂದ ತಿಳಿಯಿತು. ಬರಹಕ್ಕೆ ಪೂರ್ಣ ಅಂಕ ಬಿದ್ದಿತ್ತು.

ಹಂಪಿಯ ಬಗ್ಗೆ ಬರೆದ ಹಳಬರನ್ನು ಒಮ್ಮೆ ನೋಡಿ. ಸುಮಾರು 1520ರಲ್ಲಿ, ಕೃಷ್ಣದೇವರಾಯ ಆಳುತ್ತಿದ್ದಾಗ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ಅಲ್ಲಿಗೆ ಬಂದ. ಊರು ನೋಡಲು ಗುಡ್ಡ ಹತ್ತಿದ. ಬೆಟ್ಟಸಾಲುಗಳ ನಡುವೆ ಊರು ಹರಡಿಕೊಂಡಿದ್ದರಿಂದ ಪೂರ್ತಿ ಕಾಣಲಿಲ್ಲ ಎಂದು ನೇರವಾಗಿ ಬರೆದ. ಸಂತೆಯಲ್ಲಿ ಯಾವ ಧಾನ್ಯ, ಯಾವ ಹಣ್ಣು ಸಿಗುತ್ತದೆಂದು ಬರೆದ. ಕೋಳಿಯ ಬೆಲೆಯನ್ನೂ ಬರೆದ. ಅವನಿಗಿಂತ ಮುಂಚೆ, 1443ರಲ್ಲಿ, ಹೆರಾತಿನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಬಜಾರನ್ನೂ ವೀಳ್ಯದೆಲೆಯನ್ನೂ ಬಿಡದೆ ದಾಖಲಿಸಿದ್ದ. ಪಾಯೆಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ನೂನಿಜ್ ಬರೆದದ್ದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇಂಗ್ಲಿಷ್ ಓದುಗರ ಕೈಗೆ ಬಂತು. ಇವರಿಗೆ ಗ್ರಿಡ್ ಗೊತ್ತಿರಲಿಲ್ಲ, ಹೆಲ್ವೆಟಿಕಾ ಅಕ್ಷರಶೈಲಿ ಹುಟ್ಟಿರಲಿಲ್ಲ. ಆದರೂ ಐನೂರು ವರ್ಷದ ಹಿಂದಿನ ಹಂಪಿಯಲ್ಲಿ ಕೋಳಿ ಎಷ್ಟಕ್ಕೆ ಸಿಗುತ್ತಿತ್ತು ಎಂದು ನನಗೆ ಗೊತ್ತು. ನಿಮ್ಮ ಸಂಚಿಕೆ ಓದಿದರೂ ಈ ವರ್ಷದ ಹಂಪಿಯಲ್ಲಿ ಚಹಾಕ್ಕೆಷ್ಟು ಎಂದು ಗೊತ್ತಾಗುವುದಿಲ್ಲ.

ಪ್ರವಾಸ ಪತ್ರಿಕೆಯಲ್ಲಿ ತಪ್ಪು ಮಾಹಿತಿಗಿಂತ ಮಾಹಿತಿ ಇಲ್ಲದಿರುವುದು ಮೇಲು ಎಂದು ನೀವು ವಾದಿಸಬಹುದು. ಆದರೆ ನಕ್ಷೆ ಕೊಟ್ಟಿದ್ದೀರಲ್ಲ! ಕೈಬರಹದ ಗೆರೆಗಳ ನಕ್ಷೆ, ಚೆಂದವೋ ಚೆಂದ. ಅದರಲ್ಲಿ ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ. 2021ರಿಂದ ಅದು ವಿಜಯನಗರ ಜಿಲ್ಲೆ, ಹೊಸಪೇಟೆಯೇ ಕೇಂದ್ರ. ತುಂಗಭದ್ರಾ ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ಸಾಲುಸಾಲು ಕೆಫೆಗಳ ಗುರುತು ಹಾಕಿ, ಅಲ್ಲೇ ಉಳಿಯಿರಿ ಎಂದಿದ್ದೀರಿ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅಲ್ಲಿಯ ರೆಸಾರ್ಟುಗಳನ್ನು ಕೆಡವಿದರು. ಹಳೆಯ ಯಾವುದೋ ಪ್ರವಾಸಿಯ ಟಿಪ್ಪಣಿಯಿಂದ ನಿಮ್ಮ ನಕ್ಷೆ ಹುಟ್ಟಿದೆ ಎಂದು ಇಲ್ಲೇ ಗೊತ್ತಾಗುತ್ತದೆ. ಮಳೆಗಾಲದ ಮುಂಜಾವಿನಲ್ಲಿ ಹರಿಗೋಲು ಹತ್ತಿ ಎಂಬ ಸಲಹೆಯೂ ಇದೆ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನದಿಯಂಚಿನ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ಸಂಚಾರ ನಿಲ್ಲುತ್ತದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಿಮ್ಮ ಸಲಹೆ ಪಾಲಿಸಿದವನ ಗತಿಯನ್ನು ಊಹಿಸಿ. ಓದುಗರು ಇಲ್ಲದ್ದರಿಂದ ಪ್ರಾಣಹಾನಿ ಇಲ್ಲ ಎಂಬುದಷ್ಟೇ ಸಮಾಧಾನ.

ನಕ್ಷೆಯಲ್ಲಿ ಇಲ್ಲದ್ದು ಇನ್ನೂ ಸ್ವಾರಸ್ಯಕರ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರು, ಸಾರಿಗೆ ಬಸ್ಸು ಓಡುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಇಳಿದವರಿಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಸಿಗುತ್ತದೆ. ವಿಜಯನಗರದ ಕಾಲದ, ‘ತುರ್ತು’ ಎಂಬ ಹೆಸರಿನ ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಬಾಳೆತೋಟಗಳನ್ನು ಸಾಕುತ್ತಿದೆ. ನಿಮ್ಮ ಆಹಾರ ಪುಟದಲ್ಲಿ ಒಂದು ಬಟ್ಟಲು ಸ್ಮೂದಿ ಇದೆ, ಅದರ ಮೇಲೆ ಬಾಳೆಹಣ್ಣಿನ ಬಿಲ್ಲೆಗಳಿವೆ. ಆ ಬಾಳೆಗೂ ಆ ಕಾಲುವೆಗೂ ಇರುವ ಸಂಬಂಧವನ್ನು ಎರಡು ಸಾಲಿನಲ್ಲಿ ಹೇಳಿದ್ದರೆ ಅದೇ ಮುಖಪುಟದ ಲೇಖನವಾಗುತ್ತಿತ್ತು.

ಕನ್ನಡಕ್ಕೂ ನೀವು ಜಾಗ ಕೊಟ್ಟಿದ್ದೀರಿ, ಅಲಂಕಾರವಾಗಿ. ಅಧ್ಯಾಯದ ಆರಂಭದಲ್ಲಿ ಪುಟ ತುಂಬುವ ಕನ್ನಡ ಅಕ್ಷರಗಳು. ಒಂದು ಕಡೆ ‘ವಿಠ್ಠಲ’ ಎಂಬುದು ‘ವಿಠ್‌ಠಲ’ ಆಗಿದೆ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿದೆ. ಜ್ಯೂರಿಯೊಬ್ಬರು ಅದನ್ನು ಬೆರಳಿಟ್ಟು ತೋರಿಸಿ, ಭಗ್ನ ಸ್ಮಾರಕಗಳ ಊರಿಗೆ ಭಗ್ನ ಅಕ್ಷರ ಎಂಥ ಹೊಳಹು ಎಂದು ಕೊಂಡಾಡಿದರು. ನೀವು ತಲೆಬಾಗಿ ಧನ್ಯವಾದ ಹೇಳಿದಿರಿ. ಆ ವಿನಯ ನನಗೆ ಇಷ್ಟವಾಯಿತು. ಆದರೂ ಗುಟ್ಟೊಂದು ಹೇಳುತ್ತೇನೆ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪ್ಯಾರಾಗ್ರಾಫಿನ ಆಯ್ಕೆಗಳೊಳಗೆ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬುದಿದೆ. ಅದನ್ನು ಆರಿಸಿದರೆ ಒತ್ತಕ್ಷರ ತಾನಾಗಿಯೇ ತನ್ನ ಜಾಗಕ್ಕೆ ಹೋಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಎನ್‌ಕೋಡಿಂಗಿನಲ್ಲಿ ಬಂದ ಬರಹವಾದರೆ ಮೊದಲು ಯೂನಿಕೋಡಿಗೆ ಬದಲಿಸಬೇಕು. ಇಂಗ್ಲಿಷಿನ 9 ಪಾಯಿಂಟಿಗೆ 11 ಪಾಯಿಂಟಿನ ಸಾಲು ಸಾಕಾದೀತು. ಕನ್ನಡಕ್ಕೆ ಅಷ್ಟೇ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರಗಳ ನಡುವೆ ಅಗಲ ಬಿಡುವ ಷೋಕಿಯೂ ಕನ್ನಡಕ್ಕೆ ಒಗ್ಗುವುದಿಲ್ಲ, ಪದ ಬಿಡಿಬಿಡಿಯಾಗಿ ಉದುರಿಹೋಗುತ್ತದೆ. ಕನ್ನಡಕ್ಕೆಂದೇ ಒಂದು ಗ್ರಿಡ್ ಕೂಡಿಸುವುದು ಕಷ್ಟದ ಕೆಲಸ, ಮಾಡಿದವರು ಕಡಿಮೆ. ಪದವಿ ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯ ಸಮಸ್ಯೆ ಬೇಕಿತ್ತೇ?

ನಿಮ್ಮ ಪ್ರೊಸೆಸ್ ಪುಸ್ತಕ ಪತ್ರಿಕೆಗಿಂತ ದಪ್ಪವಾಗಿದೆ. ಅದರಲ್ಲಿ ನಿಮ್ಮ ಓದುಗನ ಚಿತ್ರ ಬರೆದಿದ್ದೀರಿ: ವಯಸ್ಸು 26ರಿಂದ 34, ಮಹಾನಗರವಾಸಿ, ಫಿಲ್ಟರ್ ಕಾಫಿಯಲ್ಲ ಪೋರ್‌ಓವರ್ ಕಾಫಿ, ‘ಪ್ರಜ್ಞಾವಂತ ಪ್ರವಾಸಿ’. ಇಂಥವನೊಬ್ಬನನ್ನು ನೀವು ಮಾತಾಡಿಸಿದ ದಾಖಲೆ ಆ ಪುಸ್ತಕದಲ್ಲಿ ಇಲ್ಲ. ಇರಲಿ. ನಿಜವಾದ ಪ್ರವಾಸಿಗಳು ಬೇರೆ ಇದ್ದಾರೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದ ಮೇಲೆ ಕರ್ನಾಟಕದ ಹೆಂಗಸರು ಗುರುತಿನ ಚೀಟಿ ತೋರಿಸಿ, ಶೂನ್ಯ ಟಿಕೆಟ್ ಪಡೆದು, ಗುಂಪುಗುಂಪಾಗಿ ಊರು ನೋಡಲು ಹೊರಟಿದ್ದಾರೆ. ಧರ್ಮಸ್ಥಳ, ಸವದತ್ತಿ, ಮಲೆ ಮಹದೇಶ್ವರ ಬೆಟ್ಟ, ಹಂಪಿ. ತಾವಾಗಿ ಎಂದೂ ಊರು ದಾಟದವರು ಗೆಳತಿಯರ ಜೊತೆ ಕಿಟಕಿ ಪಕ್ಕ ಕೂತಿದ್ದಾರೆ. ರಾಜ್ಯದಲ್ಲಿ ಪ್ರವಾಸಿಗಳ ಹೊಸ ಜಾತಿಯೇ ಹುಟ್ಟಿದೆ. ಅವರಿಗೆ ಬೇಕಾದ್ದು ಯಾವ ಬಸ್ಸು ಎಲ್ಲಿ ಬದಲಿಸಬೇಕು, ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಶೌಚಾಲಯ ಎಲ್ಲಿ, ಗಂಟು ಎಲ್ಲಿಡಬೇಕು, ಕಲ್ಲಿನ ರಥದ ಮುಂದೆ ನಿಂತಾಗ ಅದರ ಕಥೆ ಏನು. ಓಡುವ ಬಸ್ಸಿನಲ್ಲಿ ಓದಲಾಗುವ ಅಕ್ಷರ, ಕೈಚೀಲದಲ್ಲಿ ಹಿಡಿಸುವ ಅಳತೆ, ಬೆವರಿನ ಕೈಗೆ ಹರಿಯದ ಕಾಗದ. ಇವು ವಿನ್ಯಾಸದ ಸಮಸ್ಯೆಗಳೇ ಸ್ವಾಮಿ. ಆದರೆ ಅವರು ನಿಮ್ಮ ಟಾರ್ಗೆಟ್ ಆಡಿಯನ್ಸ್ ಅಲ್ಲ. ಪೋರ್‌ಓವರ್ ಕುಡಿಯುವುದಿಲ್ಲವಲ್ಲ.

ಲೆಕ್ಕದ ಮಾತು. ನೀವು ಅಚ್ಚು ಹಾಕಿದ್ದು ಮೂರು ಪ್ರತಿ. ಒಂದು ಜ್ಯೂರಿಗೆ, ಒಂದು ಕಾಲೇಜಿನ ಕಪಾಟಿಗೆ, ಇನ್ನೊಂದು ಸಿಮೆಂಟ್ ಮೇಜಿನ ಮೇಲೆ ಕಾಫಿ ಬಟ್ಟಲಿನ ಪಕ್ಕ ಇಟ್ಟು ಫೋಟೋ ತೆಗೆಯಲಿಕ್ಕೆ. ಆಮದು ಕಾಗದ, ಡಿಜಿಟಲ್ ಮುದ್ರಣ. ಒಂದು ಪ್ರತಿಗೆ ತಗುಲಿದ ಹಣದಲ್ಲಿ ಇಬ್ಬರು ಸ್ಲೀಪರ್ ಕ್ಲಾಸಿನಲ್ಲಿ ಹೊಸಪೇಟೆಗೆ ಹೋಗಿ, ಹೊಟ್ಟೆತುಂಬ ಉಂಡು, ವಾಪಸು ಬರಬಹುದು. ಆಫ್‌ಸೆಟ್ಟಿನಲ್ಲಿ ಬಣ್ಣಕ್ಕೊಂದರಂತೆ ಪ್ಲೇಟು ಮಾಡಿಸಬೇಕು. ಆ ಖರ್ಚು ಮೂರು ಪ್ರತಿಗೂ ಅಷ್ಟೇ, ಮೂರು ಸಾವಿರಕ್ಕೂ ಅಷ್ಟೇ. ಪ್ರತಿ ಹೆಚ್ಚಿದಂತೆ ಒಂದೊಂದರ ಬೆಲೆ ಇಳಿಯುತ್ತದೆ. ನಿಮ್ಮದು 70 ಪುಟ. 64 ಆಗಿದ್ದರೆ ಹದಿನಾರು ಪುಟದ ನಾಲ್ಕು ಫಾರಂಗೆ ಸರಿಹೋಗುತ್ತಿತ್ತು. ಎಣಿಸಿ ನೋಡಿದೆ: ಹೆಚ್ಚಾದ ಆರು ಪುಟಗಳಲ್ಲಿ ಏನೂ ಇಲ್ಲ, ಅವು ಉಸಿರಾಡುತ್ತಿವೆ.

ನಿಮ್ಮ ಸಾಹಿತ್ಯ ಸಮೀಕ್ಷೆಯ ಪ್ರಕಾರ ಸ್ವತಂತ್ರ ಪತ್ರಿಕೆಗಳು ಈ ಶತಮಾನದಲ್ಲಿ ಲಂಡನ್ ಸುತ್ತಮುತ್ತ ಹುಟ್ಟಿದವು. ನಿಮ್ಮ ಕಾಲೇಜಿನ ಗೇಟಿನಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿ ಪಿ. ಲಂಕೇಶರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುಮಾಡಿ, ಜಾಹೀರಾತೇ ಇಲ್ಲದೆ, ಓದುಗರ ಕಾಸಿನ ಮೇಲೆ ನಡೆಸಿದರು. ಗೋಪಾಲಕೃಷ್ಣ ಅಡಿಗರು ಅರವತ್ತರ ದಶಕದಲ್ಲಿ ‘ಸಾಕ್ಷಿ’ ತಂದರು. ಧಾರವಾಡದಲ್ಲಿ ಚಂಪಾ ಮತ್ತು ಗೆಳೆಯರು 1964ರಲ್ಲಿ ‘ಸಂಕ್ರಮಣ’ ಹೊರಡಿಸಿದರು. ವಿವೇಕ ಶಾನಭಾಗರ ‘ದೇಶ ಕಾಲ’ 2005ರಲ್ಲಿ ಬಂತು, ಕಣ್ಣಿಗೂ ಚೆಂದವಿತ್ತು. ಇವರಲ್ಲಿ ಯಾರೂ ಮೂಡ್‌ಬೋರ್ಡ್ ಮಾಡಲಿಲ್ಲ, ಚಂದಾದಾರರ ಪಟ್ಟಿ ಮಾಡಿದರು. ಹೊರದೇಶದ ಉದಾಹರಣೆಯೇ ಬೇಕೆಂದರೆ ಅದೂ ಇದೆ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಲಂಡನ್ನಿನಿಂದ ಏಷ್ಯಾ ದಾಟಿ ಆಸ್ಟ್ರೇಲಿಯಾ ಸೇರಿದರು. ಹೇಗೆ ಬಂದಿರಿ, ಎಷ್ಟಾಯಿತು ಎಂದು ಕಂಡವರೆಲ್ಲ ಕೇಳತೊಡಗಿದಾಗ, 1973ರಲ್ಲಿ ಸಿಡ್ನಿಯಲ್ಲಿ ತಾವೇ ಪಿನ್ನು ಹೊಡೆದು ಒಂದು ಕಿರುಪುಸ್ತಕ ತಂದರು. ‘ಲೋನ್ಲಿ ಪ್ಲಾನೆಟ್’ ಹುಟ್ಟಿದ್ದು ಹಾಗೆ. ಅವರು ಮೊದಲು ಪ್ರಯಾಣ ಮಾಡಿದರು, ಆಮೇಲೆ ಜನ ಪ್ರಶ್ನೆ ಕೇಳಿದರು, ಆಮೇಲೆ ಪಿನ್ನು ಹೊಡೆದರು. ನೀವು ಪಿನ್ನಿನಿಂದ ಶುರುಮಾಡಿದ್ದೀರಿ, ಅದೂ ತಾಮ್ರದ ಬಣ್ಣದ್ದು.

ಇದರಲ್ಲಿ ನಿಮ್ಮ ತಪ್ಪು ಎಷ್ಟು? ಕಡಿಮೆಯೇ. ಒಂದು ಸೆಮಿಸ್ಟರಿನಲ್ಲಿ ಸಂಶೋಧನೆ, ಪರಿಕಲ್ಪನೆ, ವಿನ್ಯಾಸ, ಮುದ್ರಣ, ಪ್ರದರ್ಶನ ಎಲ್ಲ ಮುಗಿಯಬೇಕು. ಅಂಕಪಟ್ಟಿಯಲ್ಲಿ ಅಕ್ಷರವಿನ್ಯಾಸಕ್ಕೆ ಅಂಕವಿದೆ, ಕಾಗದದ ಆಯ್ಕೆಗೆ ಅಂಕವಿದೆ. ಬರೆದದ್ದು ನಿಜವೇ ಎಂಬುದಕ್ಕೆ ಒಂದಂಕವೂ ಇಲ್ಲ. ಯಾರಾದರೂ ಓದಿದರೇ ಎಂಬುದಕ್ಕೆ ಕಾಲಮೇ ಇಲ್ಲ. ಊಟಕ್ಕೆ ಅಂಕವಿಲ್ಲದ ಮದುವೆಯಲ್ಲಿ ಎಲ್ಲರೂ ಚಪ್ಪರವನ್ನೇ ಕಟ್ಟುತ್ತಾರೆ. ನಿಮ್ಮ ಚಪ್ಪರ ಮಾತ್ರ ನಿಜಕ್ಕೂ ಗಟ್ಟಿಯಾಗಿದೆ. ಅಂಚಿನ ಅಳತೆ ಒಂದು ಪುಟದಲ್ಲೂ ತಪ್ಪಿಲ್ಲ. ಚಿತ್ರದ ಅಡಿಬರಹಗಳ ಜಾಗ ಕಣ್ಣಿಗೆ ಹಿತವಾಗಿದೆ. ಪರಿವಿಡಿಯ ಪುಟವನ್ನು ನಮ್ಮ ವಾರಪತ್ರಿಕೆಗಳು ಕದಿಯಬೇಕು. ಇಷ್ಟು ಬಲ್ಲವರು ಉತ್ತರಪತ್ರಿಕೆ ಬರೆದು ಸುಮ್ಮನಾದರೆ ಹೇಗೆ ಎಂಬ ಹೊಟ್ಟೆಯುರಿಯಿಂದ ಇಷ್ಟುದ್ದ ಬರೆದೆ.

ಮುಖಪುಟದ ಮೂಲೆಯಲ್ಲಿ ‘ಸಂಚಿಕೆ 01’ ಎಂದಿದೆ. ಕಾಲೇಜಿನ ಕಪಾಟಿನಲ್ಲಿ ನಿಮ್ಮ ಹಿಂದಿನ ತಂಡಗಳವರು ಮಾಡಿದ ಪ್ರವಾಸ ಪತ್ರಿಕೆಗಳೂ ಇದ್ದವು. ಗೋಕರ್ಣ, ಕೊಡಗು, ಬಾದಾಮಿ. ಒಂದೊಂದನ್ನೂ ಎಳೆದು ನೋಡಿದೆ. ಎಲ್ಲವೂ 01. ಮೊದಲ ಸಂಚಿಕೆಯನ್ನು ಯಾರು ಬೇಕಾದರೂ ತರಬಹುದು. ಅದಕ್ಕೆ ಉತ್ಸಾಹ ಸಾಕು. ಎರಡನೆಯದಕ್ಕೆ ಮೊದಲನೆಯದನ್ನು ಓದಿದವರು ಬೇಕು, ಅವರು ಬೈದು ಬರೆದ ಪತ್ರ ಬೇಕು, ತಪ್ಪಾದ ನಕ್ಷೆಗೆ ತಿದ್ದುಪಡಿ ಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪದವಿ ಸಿಕ್ಕ ಮೇಲೆ ಹಂಪಿಗೆ ಹೋಗಿ, ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲು ಒಬ್ಬರ ಮನೆಯ ಜಗುಲಿಯಲ್ಲಿ ಕೂತು ಅವರು ಹೇಳುವುದನ್ನು ಕೇಳಿ. ಕಡ್ಡಿರಾಂಪುರಕ್ಕೆ ಹೋಗಿ, ಕಮಲಾಪುರಕ್ಕೆ ಹೋಗಿ, ಕಾಲುವೆಯ ಏರಿಯ ಮೇಲೆ ನಡೆಯಿರಿ. ಬಸ್ಸಿನ ಸಮಯವನ್ನು ಬೋರ್ಡಿನಿಂದಲ್ಲ, ಕಂಡಕ್ಟರಿಂದ ಬರೆದುಕೊಳ್ಳಿ. ಕನ್ನಡದಲ್ಲೂ ಬರೆಯಿರಿ, ಒತ್ತಕ್ಷರ ಕೆಳಗಿರಲಿ. ಹೊಸಪೇಟೆಯಿಂದ ಕೊಪ್ಪಳದ ಮೇಲೆ ಹೋದರೆ ಗದಗ ಸಿಗುತ್ತದೆ. ಮುದ್ರಣ ಕಾಶಿ ಎಂದು ಹೆಸರಾದ ಊರು ಅದು. ಅಲ್ಲಿ ಸಾದಾ ಮ್ಯಾಪ್‌ಲಿಥೊ ಕಾಗದದ ಮೇಲೆ ಕೆಲವು ನೂರು ಪ್ರತಿ ಹಾಕಿಸಿ. ಮುದ್ರಕರ ಹೆಸರು, ಮುದ್ರಣದ ಊರು ಹಾಕಲೇಬೇಕೆಂದು 1867ರ ಮುದ್ರಣ ಕಾಯಿದೆಯ ಕಾಲದಿಂದಲೂ ಪದ್ಧತಿಯಿದೆ, ಅವನ್ನೂ ಹಾಕಿ. ನಿಯತವಾಗಿ ತರುವ ಮನಸ್ಸಿದ್ದರೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಪತ್ರಿಕಾ ನೋಂದಣಿ ಕಾಯಿದೆಯಂತೆ ಶೀರ್ಷಿಕೆಗೂ ನೋಂದಣಿಗೂ ಒಟ್ಟಿಗೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಬೆಲೆ ನಮೂದಿಸಿ. ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಹತ್ತು ಪ್ರತಿ ಇಟ್ಟು, ತಿಂಗಳ ನಂತರ ಎಷ್ಟು ಹೋಯಿತೆಂದು ಕೇಳಿ. ಆ ಅಂಗಡಿಯವರಿಗೆ ಪರಿಕಲ್ಪನೆಯನ್ನು ವಿವರಿಸುವ ಅವಕಾಶ ನಿಮಗೆ ಸಿಗುವುದಿಲ್ಲ.

ಕೊಂಡವರು ಅಂಕ ಕೊಡುವುದಿಲ್ಲ, ದುಡ್ಡು ಕೊಡುತ್ತಾರೆ. ಹಿಡಿಸದಿದ್ದರೆ ಅದನ್ನೂ ಕೊಡುವುದಿಲ್ಲ. ಆ ಪರೀಕ್ಷೆಗೂ ಒಮ್ಮೆ ಕೂತುಕೊಳ್ಳಿ, ಎರಡನೆಯ ಸಂಚಿಕೆ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಕರಡು ತಿದ್ದುವ ಒಬ್ಬ ಓದುಗ